ಅಲುಗಾಡುವ ಇಂಗ್ಲೆಂಡು

ಸೇಂಟ್ ಪಾಲ್ಸ್ ಇಗರ್ಜಿಗೆ ಬೆನ್ನು ಹಾಕಿ ಥೇಮ್ಸ್ ನದಿಯತ್ತ ಇಳಿದು ಬಂದರೆ, ಕಾಲುದಾರಿಯೇ ನೀರಿನ ಮೇಲೂ ಮುಂದುವರಿದಂತೆ ಒಂದು ಸೇತುವೆ. ಬಸ್ಸಿಲ್ಲ, ಕಾರಿಲ್ಲ, ನಡೆಯುವವರಿಗೆ ಮಾತ್ರ. ಉದ್ದ 325 ಮೀಟರ್, ಅಗಲ ನಾಲ್ಕೇ ಮೀಟರ್. ಆಚೆ ದಡದಲ್ಲಿ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಇಟ್ಟಿಗೆಯ ಹೊಗೆಗೊಳವೆ ಆಕಾಶಕ್ಕೆ ನೆಟ್ಟಗೆ ನಿಂತಿದೆ. ತೂಗುಸೇತುವೆ ಎಂದರೆ ನಮ್ಮ ಸುಳ್ಯದ ಕಡೆಯವರ ಕಣ್ಣಿಗೆ ಬರುವ ಚಿತ್ರವೇ ಬೇರೆ: ದಡಕ್ಕೊಂದು ಎತ್ತರದ ಕಂಬ, ನಡುವೆ ಜೋತುಬಿದ್ದ ಉಕ್ಕಿನ ಹಗ್ಗ, ಕೆಳಗೆ ಕಿರಿದಾದ ದಾರಿ. ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಕಟ್ಟಿದ್ದು ಅಂಥದ್ದನ್ನು. ಇಲ್ಲಿ ಹಗ್ಗಗಳು ತಲೆಯ ಮೇಲೆ ಇಲ್ಲವೇ ಇಲ್ಲ. ಎರಡೂ ಬದಿಗೆ, ಹೆಚ್ಚುಕಡಿಮೆ ಕೈತಾಂಗಿನ ಎತ್ತರದಲ್ಲೇ, ಬಿಗಿದ ತಂತಿಯಂತೆ ಚಾಚಿಕೊಂಡು ಹೋಗಿವೆ. ಹೊಳೆಯ ನೋಟಕ್ಕೆ ಅಡ್ಡ ಬರುವ ಒಂದು ವಸ್ತುವೂ ಇಲ್ಲ.

"ದೊಡ್ಡಮ್ಮ, ಇದೇ ವಾಬ್ಲಿ ಬ್ರಿಡ್ಜು" ಎನ್ನುತ್ತಾಳೆ ತಂಗಿಯ ಮಗಳು. "ಮಿಲೇನಿಯಂ ಅನ್ನುವುದು ಬೋರ್ಡಿನಲ್ಲಿ ಮಾತ್ರ."

ನಾನು ಸೇತುವೆಯ ನಟ್ಟನಡುವೆ ನಿಂತು ಕಾಯುತ್ತೇನೆ. ಶಾಲೆಯ ಮಕ್ಕಳ ದಂಡೊಂದು ದಡದಡ ಓಡಿ ಹೋಗುತ್ತದೆ. ಉಕ್ಕು ಮಿಸುಕುವುದಿಲ್ಲ. "ಎಲ್ಲಿ ಮಾರಾಯ್ತಿ, ಅಲುಗುವುದೇ ಇಲ್ಲವಲ್ಲ!"

ಅಲುಗಿತ್ತು. 2000ದ ಜೂನ್ 10ರಂದು ಸೇತುವೆಯನ್ನು ಜನರಿಗೆ ತೆರೆದರು. ಜನ ಸಾವಿರಗಟ್ಟಲೆ ನುಗ್ಗಿ ಬಂದರು, ಸೇತುವೆ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಎರಡು ದಿನಕ್ಕೆ ಬಾಗಿಲು ಹಾಕಬೇಕಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಉಕ್ಕಿನ ದೋಷವಲ್ಲ, ಮನುಷ್ಯರ ನಡಿಗೆ. ನಾವು ನಡೆಯುವಾಗ ನೆಲವನ್ನು ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಎಡಗಾಲು ಇಟ್ಟಾಗ ಎಡಕ್ಕೂ ಬಲಗಾಲು ಇಟ್ಟಾಗ ಬಲಕ್ಕೂ ತುಸು ನೂಕುತ್ತೇವೆ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತು. ಸೇತುವೆ ಕೂದಲೆಳೆಯಷ್ಟು ಸರಿದರೂ ಸಾಕು, ಬೀಳದಿರಲೆಂದು ಜನ ತಮಗೇ ತಿಳಿಯದೆ ಕಾಲು ಅಗಲಿಸಿ ಅದರ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಆ ಹೆಜ್ಜೆ ಸೇತುವೆಯನ್ನು ಇನ್ನಷ್ಟು ನೂಕುತ್ತದೆ, ಅದು ಇನ್ನಷ್ಟು ಜನರನ್ನು ತಾಳಕ್ಕೆ ಎಳೆಯುತ್ತದೆ. ಯಾರೂ ಹೇಳಿಕೊಡದೆ ನೂರಾರು ಅಪರಿಚಿತರು ಒಂದೇ ಲಯದಲ್ಲಿ ನಡೆದದ್ದು! ಕೊನೆಗೆ ಅಡಿಯಲ್ಲೂ ಬದಿಯಲ್ಲೂ ಅಲುಗಾಟ ಹೀರುವ 37 ದ್ರವ ತುಂಬಿದ ಡ್ಯಾಂಪರು, 52 ತೂಕದ ಡ್ಯಾಂಪರು ಕೂರಿಸಿ, ಸುಮಾರು 2000 ಜನರನ್ನು ನಡೆಸಿ ನೋಡಿ, 2002ರ ಫೆಬ್ರುವರಿಯಲ್ಲಿ ಮತ್ತೆ ತೆರೆದರು. ಅಲುಗಾಟ ಹೋಯಿತು. ಹೆಸರು ಹೋಗಲಿಲ್ಲ.

ಆ ಹೆಸರೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದಿಂದ ಒಂದು ಪ್ರಶ್ನೆ ಬೆನ್ನಿಗಿತ್ತು. ವಾಬಲ್, ಸ್ವೇ, ರಾಕ್, ಟಾಟರ್, ಟೀಟರ್, ಲರ್ಚ್, ಸ್ಟ್ಯಾಗರ್, ಟ್ರೆಂಬಲ್... ನಿಘಂಟು ತೆರೆದರೆ ಎಲ್ಲದರ ಎದುರೂ ಅಲುಗಾಡು, ತೂಗಾಡು, ಓಲಾಡು. "ಮತ್ತೆ ಇಷ್ಟೊಂದು ಯಾಕೆ ಟೀಚರ್?" ಎಂದು ಹಿಂದಿನ ಬೆಂಚಿನ ಮಕ್ಕಳು ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಪುಸ್ತಕದಲ್ಲಿ ಸಿಗುವುದಲ್ಲ, ಆ ಪದ ಹುಟ್ಟಿ ಬೆಳೆದ ನೆಲದ ಮೇಲೆ ಕಾಲಿಟ್ಟು ನಿಂತರೆ ಸಿಗಬಹುದು ಎಂಬ ಆಸೆ ನನಗಿತ್ತು. ಈ ಪ್ರವಾಸದ ದಾರಿಯನ್ನೇ ಆ ಆಸೆಗೆ ತಕ್ಕಂತೆ ಹಾಕಿಕೊಂಡೆವು.

ಮೊದಲ ನಿಲ್ದಾಣದಲ್ಲೇ ಸೋಜಿಗ. ಸೇತುವೆಯದು ನಿಜವಾಗಿ ವಾಬಲ್ ಅಲ್ಲ! ಎಂಜಿನಿಯರುಗಳ ಭಾಷೆಯಲ್ಲಿ ಅದು ಸ್ವೇ: ಎರಡು ತುದಿ ಗಟ್ಟಿಯಾಗಿ ಊರಿಕೊಂಡಿದೆ, ನಡುಭಾಗ ಒಂದು ಲಯದಲ್ಲಿ ಅತ್ತ ಇತ್ತ ಹೋಗಿ ಬರುತ್ತದೆ. ನಮ್ಮ ತೋಟದ ಅಡಿಕೆ ಮರ ಗಾಳಿಗೆ ತೊನೆಯುವ ಹಾಗೆ. ಕೊನೆ ಕೊಯ್ಯುವವನು ಆ ತೊನೆತವನ್ನೇ ನೆಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತಾನಲ್ಲ. ಸ್ವೇ ಎನ್ನುವಲ್ಲಿ ಬೇರು ಭದ್ರ, ಭಯಕ್ಕೆ ಎಡೆಯಿಲ್ಲ. ವಾಬಲ್ ಹಾಗಲ್ಲ. ಅದರಲ್ಲಿ ಬುಡವೇ ಸಡಿಲ. ಒಂದು ಕಾಲು ಗಿಡ್ಡಗಿರುವ ಮೇಜು, ಬೀಳಲು ಸಿದ್ಧವಾದ ಹಾಲುಹಲ್ಲು, ಗಾಲಿಯ ಕಡ್ಡಿ ಸಡಿಲಾದ ಸೈಕಲ್ಲು, ತಟ್ಟೆಯ ಮೇಲಿನ ಜೆಲ್ಲಿ. ಲಟಪಟ, ಲೊಡಲೊಡ. ಹಾಗಾದರೆ ಲಂಡನ್ನಿನ ಜನ ಪದ ತಪ್ಪಿದರೇ? ಇಲ್ಲ ಎನ್ನಿಸುತ್ತದೆ. ಅಂದು ಮೇಲಿದ್ದವರಿಗೆ ಸೇತುವೆಯ ಬೇರು ಕಾಣುತ್ತಿರಲಿಲ್ಲ, ಅವರ ಪಾಲಿಗೆ ಬುಡ ಎಂದರೆ ಅಂಗಾಲಿನ ಕೆಳಗಿನ ನೆಲ. ಅದೇ ಕಾಲ ಕೆಳಗಿಂದ ಸರಿಯುತ್ತಿತ್ತು. ದೂರದಿಂದ ನೋಡಿದರೆ ಸ್ವೇ, ಮೇಲೆ ನಿಂತರೆ ವಾಬಲ್.

ಸೇತುವೆ ಬಿಡುವ ಮುನ್ನ ಇನ್ನೊಂದು ನೋಟ. ಲೋಹದ ನೆಲಕ್ಕೆ ಅಂಟಿಕೊಂಡ ಜಗಿದುಗುಳಿದ ಚೂಯಿಂಗ್ ಗಮ್ಮಿನ ಮೇಲೆ ಯಾರೋ ಉಗುರಿನಷ್ಟು ಪುಟ್ಟ ಬಣ್ಣದ ಚಿತ್ರಗಳನ್ನು ಬರೆದಿದ್ದಾರೆ. ಯಾರೋ ಅಲ್ಲ, ಬೆನ್ ವಿಲ್ಸನ್ ಎಂಬ ಕಲಾವಿದ. ಹೊಟ್ಟೆಯ ಮೇಲೆ ಮಲಗಿ ಬರೆಯುತ್ತಾರಂತೆ. ತಲೆ ಎತ್ತಿದರೆ ಮಹಾ ಗುಮ್ಮಟ, ತಲೆ ತಗ್ಗಿಸಿದರೆ ಗಮ್ಮಿನ ಮೇಲೊಂದು ಲೋಕ. ಎರಡನ್ನೂ ನೋಡುತ್ತ ನಡೆದರೆ ಎದುರಿಗೆ ಬರುವವರ ಬೆನ್ನುಚೀಲಕ್ಕೆ ಹಣೆ ತಾಗುವುದು ಖಂಡಿತ.

ತಂಗಿಯ ಮಗಳದು ಫಿಸಿಯೋಥೆರಪಿ ಕೆಲಸ, ಬಿದ್ದು ಏಟು ಮಾಡಿಕೊಂಡ ಮುದುಕರನ್ನು ಮತ್ತೆ ನಡೆಸುವುದು. ಈ ಪದಗಳೆಲ್ಲ ಅವಳಿಗೆ ದಿನದ ಅನ್ನ. ನದಿಯ ದಂಡೆಯಲ್ಲಿ ನನ್ನನ್ನು ನಿಲ್ಲಿಸಿ, "ಪಾದ ಜೋಡಿಸಿ, ಕೈ ಕಟ್ಟಿ, ಕಣ್ಣು ಮುಚ್ಚಿ ದೊಡ್ಡಮ್ಮ" ಎಂದಳು. ಮುಚ್ಚಿದೆ. ದೇಹ ತಾನಾಗಿ ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ತೊನೆಯುವುದು ಆಗ ಗೊತ್ತಾಯಿತು. ರಾಂಬರ್ಗ್ ಪರೀಕ್ಷೆ ಎಂದು ಇದಕ್ಕೆ ಹೆಸರು. ನೆಟ್ಟಗೆ ನಿಂತಿದ್ದೇವೆ ಎಂದುಕೊಂಡ ಪ್ರತಿಯೊಬ್ಬ ಮನುಷ್ಯನೂ ಸದಾ ತೊನೆಯುತ್ತಲೇ ಇರುತ್ತಾನೆ. ಕಣ್ಣು, ಒಳಕಿವಿ, ಅಂಗಾಲು ಮೂರೂ ಸೇರಿ ಅದನ್ನು ಗಳಿಗೆ ಗಳಿಗೆಗೂ ಸರಿಪಡಿಸುತ್ತವೆ. ಅದೂ ಸ್ವೇಯೇ, ರೋಗವಲ್ಲ. ಎಷ್ಟು ತೊನೆಯುತ್ತಾರೆ, ಸರಿಪಡಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದನ್ನಷ್ಟೇ ಅವಳು ನೋಡುವುದು. ಬೆಳಿಗ್ಗೆ ಮುದುಕಿಯೊಬ್ಬಳು "ಇವತ್ತು ಕೊಂಚ ವಾಬ್ಲಿ" ಎಂದರೆ ಕಾಲಲ್ಲಿ ಬಲವಿಲ್ಲ ಎಂದರ್ಥ, ಕೈ ಹಿಡಿದರೆ ನಡೆಯುತ್ತಾಳೆ. "ರೀಲಿಂಗ್" ಎಂದರೆ ಹುಷಾರು, ತಲೆಯೇ ಗಿರ್ರೆನ್ನುತ್ತಿದೆ. ಒಂದರಲ್ಲಿ ತೊಂದರೆ ಕಾಲಿನದು, ಇನ್ನೊಂದರಲ್ಲಿ ತಲೆಯದು.

ಅಲ್ಲಿಂದ ಬಸ್ಸು ಹಿಡಿದು ಚೆಲ್ಸಿಯಾ. ಎರಡಂತಸ್ತಿನ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಸಿಕ್ಕರೆ ಲಂಡನ್ನಿನಲ್ಲಿ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಇಳಿದರೆ ಆಲ್ಬರ್ಟ್ ಸೇತುವೆ. ಗುಲಾಬಿ, ನೀಲಿ, ಹಸಿರು ಬಣ್ಣದ ಮದುವೆ ಚಪ್ಪರ! ಕತ್ತಲಾದ ಮೇಲೆ ಸಾವಿರಾರು ಬಲ್ಬು. 1873ರಲ್ಲಿ ತೆರೆದಾಗಿನ ಸುಂಕದ ಗೂಡುಗಳು ಇನ್ನೂ ನಿಂತಿವೆ. ಈ ಸೇತುವೆಯ ಅಡ್ಡಹೆಸರು ಟ್ರೆಂಬ್ಲಿಂಗ್ ಲೇಡಿ, ನಡುಗುವ ಹೆಂಗಸು. ಸುಂಕದ ಗೂಡಿನ ಮೇಲೊಂದು ಹಳೆಯ ಫಲಕ: ಇದರ ಮೇಲೆ ಸಾಗುವ ಪಡೆಗಳೆಲ್ಲ ತಾಳ ಮುರಿದು ನಡೆಯಬೇಕು. ಹತ್ತಿರದಲ್ಲೇ ಸೈನಿಕರ ವಸತಿಯಿತ್ತು. ಅವರು ಏಕಪ್ರಕಾರವಾಗಿ ಬೂಟು ಬಡಿದರೆ ಮುದುಕಿಯ ಗತಿ?

ಆ ಭಯಕ್ಕೆ ಚರಿತ್ರೆ ಇದೆ. 1831ರ ಏಪ್ರಿಲ್ 12ರಂದು ಮ್ಯಾಂಚೆಸ್ಟರ್ ಪಕ್ಕದ ಬ್ರೌಟನ್‌ನಲ್ಲಿ 74 ಸೈನಿಕರು ತೂಗುಸೇತುವೆ ದಾಟುತ್ತಿದ್ದರು. ಹೆಜ್ಜೆಗೆ ಸೇತುವೆ ಎಗರುವುದು ಕಂಡು ಮೋಜೆನಿಸಿ ಇನ್ನಷ್ಟು ತಾಳ ಹಿಡಿದರು. ಸೇತುವೆ ಕುಸಿದು ಸುಮಾರು 40 ಮಂದಿ ನದಿಗೆ ಬಿದ್ದರು. ಪುಣ್ಯಕ್ಕೆ ಜೀವ ಹೋಗಲಿಲ್ಲ, ಗಾಯಗೊಂಡವರು ಹಲವರು. ಸೇತುವೆಯ ಮೇಲೆ ತಾಳ ಮುರಿಯಬೇಕೆಂಬ ಆಜ್ಞೆ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು ಆ ನಂತರ.

ನಾವು ನಿಂತಿರುವಾಗಲೇ ಭಾರದ ವ್ಯಾನೊಂದು ಹಾದುಹೋಗುತ್ತದೆ, ಅಂಗಾಲಿಗೆ ಒಂದು ಸಣ್ಣ ಝುಮ್ಮು ಮುಟ್ಟುತ್ತದೆ. ಇದು ಟ್ರೆಂಬಲ್. ಅಳತೆ ಚಿಕ್ಕದು, ವೇಗ ಹೆಚ್ಚು, ಮೈ ಪೂರ್ತಿ. ಚಳಿಗೆ, ಭಯಕ್ಕೆ, ಸಂತೋಷಕ್ಕೆ ತುಟಿ ಅದುರುವ ಹಾಗೆ. ಶೇಕ್ ಇದರ ಅಣ್ಣ, ಇನ್ನೂ ಒರಟ. ಆದರೆ ಇವೆರಡರ ನಡುವಿನ ನಿಜವಾದ ಗೆರೆ ವ್ಯಾಕರಣದಲ್ಲಿದೆ, ನಾನು ಅದನ್ನು ಸೇತುವೆಯ ಕಟಕಟೆ ಹಿಡಿದು ನಿಂತಾಗ ಕಂಡೆ. ಬಾಟಲಿಯನ್ನು ನೀವು ಶೇಕ್ ಮಾಡಬಹುದು, ಟ್ರೆಂಬಲ್ ಮಾಡಲಾರಿರಿ. ಟ್ರೆಂಬಲ್ ಒಳಗಿಂದಲೇ ಹುಟ್ಟಬೇಕು. ನಮ್ಮ ನಡುಗು ಎಂಬ ಮಾತಿಗೆ ಈ ಬಿಗುಮಾನವಿಲ್ಲ, ನಡುಗಿಸು ಎಂದರೆ ಮುಗಿಯಿತು, ಯಾರನ್ನು ಬೇಕಾದರೂ ನಡುಗಿಸಬಹುದು. ಇಂಗ್ಲಿಷಿನವರು ಸೇತುವೆಗೆ ಹೆಂಗಸೆಂದು ಹೆಸರಿಟ್ಟದ್ದು ಯಾಕೆಂದು ಈಗ ತಿಳಿಯಿತು. ಟ್ರೆಂಬಲ್ ಎಂದಮೇಲೆ ಒಳಗೊಂದು ಜೀವ ಇರಲೇಬೇಕಲ್ಲ.

ಈ ಹೆಂಗಸನ್ನು ಹೆಚ್ಚು ಕಾಡಿದ್ದು ಸೈನಿಕರಲ್ಲ, ನಾಯಿಗಳು. ಆಚೆ ದಡದ ಬ್ಯಾಟರ್ಸೀ ಪಾರ್ಕಿಗೆ ದಿನವೂ ಹೋಗಿಬರುವ ನಾಯಿಗಳು ದಾರಿಯಲ್ಲೇ ಕಾಲೆತ್ತಿ ಎತ್ತಿ ಮರದ ಹಾಸಿಗೆ ಹಾಳಾಯಿತಂತೆ! ಪಾರ್ಕಿನೊಳಗೆ ಆ ಅಪರಾಧಿಗಳ ಸಂತಾನ ನಿಶ್ಚಿಂತೆಯಿಂದ ಓಡಾಡುತ್ತಿದೆ. ಬೆಂಚಿನ ಮೇಲೆ ಕೂತರೆ ಪದಗಳ ಮೆರವಣಿಗೆ. ಹುಲ್ಲಿನ ಮೇಲೆ ಒಂದು ವರ್ಷದ ಕೂಸು ಕಾಲು ಅಗಲಿಸಿ, ಕೈ ಮೇಲೆತ್ತಿ ನಾಲ್ಕು ಹೆಜ್ಜೆ ಇಡುತ್ತದೆ: ಟಾಡಲ್. ಅದಕ್ಕೇ ಆ ವಯಸ್ಸಿನವರು ಟಾಡ್ಲರ್. ಅದೇ ದಾರಿಯಲ್ಲಿ ಊರುಗೋಲಿನ ಮುದುಕರು, ಇನ್ನೇನು ಬಿದ್ದರು ಅನ್ನಿಸುವ ಹೆಜ್ಜೆ: ಟಾಟರ್. ಹೊರಗಿನವರ ಕಣ್ಣಿಗೆ ಎರಡೂ ಒಂದೇ ತಪ್ಪುಹೆಜ್ಜೆ. ಭಾಷೆಗೆ ಮಾತ್ರ ಗೊತ್ತು, ಕೂಸು ನಿಲ್ಲುವ ಕಡೆಗೆ ಹೊರಟಿದೆ, ಮುದುಕರು ಬೀಳುವ ಕಡೆಗೆ. ಟಾಟರ್ ಎನ್ನುವುದನ್ನು ಹಳೆಯ ಗೋಡೆಗೂ ಸಾಲದಲ್ಲಿ ಮುಳುಗಿದ ಸರಕಾರಕ್ಕೂ ಹೇಳುತ್ತಾರೆ, ಟಾಡಲ್ ಎಂದು ಯಾವ ಗೋಡೆಗೂ ಹೇಳುವುದಿಲ್ಲ. ಇನ್ನು ಸ್ಟ್ಯಾಗರ್. ಹೆಗಲ ಮೇಲೆ ಹೊರೆ ಹೊತ್ತವನು, ಏಟು ತಿಂದವನು, ಕುಡಿದವನು. ತೂರಾಡುತ್ತಾನೆ, ತತ್ತರಿಸುತ್ತಾನೆ, ಆದರೂ ಹೆಜ್ಜೆ ಮುಂದೆ ಬೀಳುತ್ತಿದೆ. ಇಲ್ಲಿ ತಪ್ಪು ಕಾಲಿನದಲ್ಲ, ಮೇಲೆ ಬಿದ್ದ ಭಾರದ್ದು. ಭಯಂಕರ ಸುದ್ದಿ ಕೇಳಿದವರನ್ನೂ ಸ್ಟ್ಯಾಗರ್ಡ್ ಎನ್ನುವುದು ಅದಕ್ಕೇ.

ಇಷ್ಟು ಹೊತ್ತಿಗೆ ನನಗೊಂದು ಸೂತ್ರ ಸಿಕ್ಕಿತ್ತು. ಎಷ್ಟು ಅಲುಗಿತು ಎಂದು ಈ ಪದಗಳು ಕೇಳುವುದೇ ಇಲ್ಲ. ಅಲುಗುವ ವಸ್ತುವನ್ನು ಹಿಡಿದಿರುವುದು ಯಾವುದು, ಎಲ್ಲಿ ಹಿಡಿದಿದೆ, ಆ ಹಿಡಿತ ಉಳಿಯುತ್ತದೋ ಇಲ್ಲವೋ ಎಂದು ಕೇಳುತ್ತವೆ. ಮುಂದಿನ ಊರುಗಳಲ್ಲೆಲ್ಲ ನಾನು ಹುಡುಕಿದ್ದು ಆ ಹಿಡಿತವನ್ನೇ.

ಗ್ರೀನಿಚ್‌ಗೆ ದೋಣಿಯಲ್ಲೇ ಹೋದೆವು. ಗುಡ್ಡ ಹತ್ತುವಾಗ ಏದುಸಿರು ಬಂತು, ಮೇಲೆ ಬಂದರೆ ಶೂನ್ಯ ರೇಖಾಂಶದ ಲೋಹದ ಪಟ್ಟಿಯ ಮೇಲೆ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವವರ ಉದ್ದನೆಯ ಸಾಲು. ನಾವು ಸಾಲು ಬಿಟ್ಟು ಖಗೋಳ ವೀಕ್ಷಣಾಲಯದ ಒಳಗೆ ಹೋದೆವು, ಗಡಿಯಾರಗಳ ಕೋಣೆಗೆ. ಜಾನ್ ಹ್ಯಾರಿಸನ್ ಎಂಬ ಬಡಗಿ 1735ರಲ್ಲಿ ಮುಗಿಸಿದ ಮೊದಲ ಸಮುದ್ರ ಗಡಿಯಾರ ಗಾಜಿನೊಳಗೆ ನಡೆಯುತ್ತಿದೆ. ತೂಕ ಸುಮಾರು 34 ಕಿಲೋ. ಮನೆಯ ಗಡಿಯಾರಕ್ಕೆ ಲೋಲಕ ಸಾಕು, ಮೇಲಿನಿಂದ ಇಳಿಬಿಟ್ಟು ತೂಗಿದರಾಯಿತು. ಅದು ಸ್ವಿಂಗ್, ಹಿಡಿತ ಮೇಲಿದೆ, ಜೋಕಾಲಿಯಲ್ಲಿ ಜೀಕುವುದೂ ಅದೇ. ಹಡಗಿನಲ್ಲಿ ಆ ಮೇಲಿನ ಹಿಡಿತವೇ ನೆಟ್ಟಗಿರುವುದಿಲ್ಲ. ಹಡಗು ಮಗ್ಗುಲಿಂದ ಮಗ್ಗುಲಿಗೆ ಹೊರಳುತ್ತದೆ, ಅದು ರೋಲ್. ಮೂತಿ ಏಳುತ್ತ ಬೀಳುತ್ತ ಹೋಗುತ್ತದೆ, ಅದು ಪಿಚ್. ಮೂತಿ ಎಡಬಲಕ್ಕೆ ದಿಕ್ಕು ತಪ್ಪುತ್ತದೆ, ಅದು ಯಾ. ಹ್ಯಾರಿಸನ್ ಏನು ಮಾಡಿದ? ತುದಿಗಳಲ್ಲಿ ಗುಂಡು ಹೊತ್ತ ಎರಡು ಸರಳುಗಳನ್ನು ಒಂದಕ್ಕೊಂದು ಜೋಡಿಸಿ, ಯಾವಾಗಲೂ ತದ್ವಿರುದ್ಧ ದಿಕ್ಕಿಗೆ ಆಡುವಂತೆ ಮಾಡಿದ. ಹಡಗು ಒಂದನ್ನು ತಡೆದರೆ ಇನ್ನೊಂದನ್ನು ಅಷ್ಟೇ ನೂಕುತ್ತದೆ, ಲೆಕ್ಕ ಸಮ. ಹಿಡಿತವನ್ನು ಹಡಗಿನಿಂದ ಬಿಡಿಸಿ ಗಡಿಯಾರದೊಳಗೇ ಇಟ್ಟುಬಿಟ್ಟ! ಆ ಗುಂಡುಗಳು ಹತ್ತಿರ ಬಂದು ದೂರ ಸರಿಯುವುದನ್ನು ನೋಡುತ್ತ ನಾನು ಅಲ್ಲಿಂದ ಏಳಲೇ ಇಲ್ಲ. ಕಾವಲುಗಾರರು ಎರಡು ಬಾರಿ ನಕ್ಕು ಹೋದರು.

ಇದೇ ಗುಡ್ಡದ ಮೇಲೆ ರಾಜಖಗೋಳಜ್ಞನಾಗಿದ್ದ ಜೇಮ್ಸ್ ಬ್ರಾಡ್ಲಿ, ಭೂಮಿಯ ಅಕ್ಷ ಚಂದ್ರನ ಸೆಳೆತಕ್ಕೆ ಸುಮಾರು ಹದಿನೆಂಟೂವರೆ ವರ್ಷಕ್ಕೊಂದು ಸುತ್ತು ತಲೆದೂಗುತ್ತದೆ ಎಂದು 1748ರಲ್ಲಿ ಪ್ರಕಟಿಸಿದ. ಅದು ನ್ಯುಟೇಶನ್, ಲೆಕ್ಕ ಕಟ್ಟಿದ ತಲೆದೂಗು. 1891ರಲ್ಲಿ ಅಮೆರಿಕದ ಸೇತ್ ಚಾಂಡ್ಲರ್ ಇನ್ನೊಂದು ಅಲುಗಾಟ ಕಂಡುಹಿಡಿದ. ಧ್ರುವಗಳು ಸುಮಾರು ಹದಿನಾಲ್ಕು ತಿಂಗಳಿಗೊಮ್ಮೆ ನೆಲದ ಮೇಲೆ ಕೆಲವು ಮೀಟರಿನ ಸುತ್ತು ಹಾಕುತ್ತವೆ. ಅದಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ಚಾಂಡ್ಲರ್ ವಾಬಲ್. ಹಾಲುಹಲ್ಲಿಗೂ ಭೂಮಿಗೂ ಒಂದೇ ಪದ. ತಿರುಗುವ ಬುಗುರಿಯ ಬುಡ ತುಸು ಸಡಿಲಾದರೆ ಏನೆನ್ನುತ್ತಾರೋ ಅದನ್ನೇ ಅಂದರು.

ಪ್ಯಾಡಿಂಗ್ಟನ್ ನಿಲ್ದಾಣದಿಂದ ಇಂಗ್ಲೆಂಡಿನ ಪಶ್ಚಿಮ ತುದಿಯ ಪೆನ್‌ಜಾನ್ಸ್‌ಗೆ ರಾತ್ರಿ ರೈಲು. ನಮ್ಮ ಎರಡು ಬರ್ತುಗಳ ಕೋಣೆ ಎಷ್ಟು ಕಿರಿದೆಂದರೆ ಒಬ್ಬರು ಸ್ವೆಟರ್ ಹಾಕಿಕೊಳ್ಳುವಾಗ ಇನ್ನೊಬ್ಬರು ಮಲಗಿರಲೇಬೇಕು. ಮುಖ ತೊಳೆಯುವ ಬೋಗುಣಿ ಮೇಜಿನ ಮುಚ್ಚಳದಡಿ ಅಡಗಿತ್ತು, ಅದನ್ನು ಹುಡುಕುವುದೇ ಒಂದು ಆಟವಾಯಿತು. ರೈಲು ಲಯವಾಗಿ ತೊನೆಯುತ್ತ ಸಾಗಿದಷ್ಟು ಹೊತ್ತು ಒಳ್ಳೆಯ ನಿದ್ದೆ. ಎಲ್ಲೋ ಹಳಿ ಬದಲಿಸುವಲ್ಲಿ ಡಬ್ಬಿ ಒಮ್ಮೆಲೇ ನಮ್ಮನ್ನು ಒಂದು ಬದಿಗೆ ಧಡ್ಡನೆ ಎಸೆಯಿತು, ಚಹಾದ ಲೋಟ ಮೇಲಿನ ಹಲಗೆಯಿಂದ ಕೆಳಗೆ ಬಂತು. "ಲರ್ಚ್" ಎಂದಳು ಅವಳು ಮೇಲಿನ ಬರ್ತಿನಿಂದ, ಕಣ್ಣೂ ಬಿಡದೆ. ಹೌದು, ಇದಕ್ಕೆ ಬೇರೆ ಪದ ಒಗ್ಗುವುದಿಲ್ಲ. ಸ್ವೇ, ರಾಕ್, ವಾಬಲ್ ಎಲ್ಲವೂ ಹೋಗಿ ಬರುವ ಪದಗಳು. ಲರ್ಚ್ ಹೋಗುತ್ತದೆ, ಬರುವುದಿಲ್ಲ. ಒಂದೇ ಸಲ, ಮುನ್ಸೂಚನೆ ಇಲ್ಲದೆ, ಒಂದೇ ಬದಿಗೆ. ಹಿಡಿತ ಒಂದು ಕ್ಷಣ ಪೂರ್ತಿ ಕಳಚಿ ಮತ್ತೆ ಬೇರೆಲ್ಲೋ ಸಿಕ್ಕುತ್ತದೆ.

ಬೆಳಗಾದಾಗ ಕಿಟಕಿಯಲ್ಲಿ ಸಮುದ್ರ. ಪೆನ್‌ಜಾನ್ಸ್‌ನಿಂದ ಟ್ರೀನ್ ಎಂಬ ಹಳ್ಳಿಗೆ ಬಸ್ಸು. ರಸ್ತೆಯ ಇಕ್ಕೆಲದ ಬೇಲಿಗಳು ಬಸ್ಸಿನ ಗಾಜನ್ನು ಸವರುತ್ತವೆ, ಎದುರಿಗೊಂದು ಕಾರು ಬಂದರೆ ಎರಡರಲ್ಲೊಂದು ಫರ್ಲಾಂಗು ದೂರ ಹಿಮ್ಮುಖ ಹೋಗಬೇಕು. ಯಾರೂ ಹಾರ್ನ್ ಹಾಕುವುದಿಲ್ಲ, ಕೈ ಎತ್ತಿ ನಮಸ್ಕರಿಸಿ ಹೋಗುತ್ತಾರೆ! ಹೊಲಗಳ ನಡುವಿನ ಕಾಲುದಾರಿಯಲ್ಲಿ ನಡೆದು, ಹಳೆಯ ಕೋಟೆಯ ಮಣ್ಣುದಿಣ್ಣೆಗಳನ್ನು ದಾಟಿದರೆ ಕಡಲಿಗೆ ಚಾಚಿದ ಕಲ್ಲಿನ ಮೂತಿ. ನಾನು ಅಲ್ಲೇ ನಿಂತುಬಿಟ್ಟೆ. ಇದು ಹಂಪಿಯಲ್ಲವೇ? ಅದೇ ಗುಂಡುಗುಂಡು ಗ್ರಾನೈಟ್, ಅದೇ ಒಂದರ ಮೇಲೊಂದು ಏರಿ ಕೂತ ಬಂಡೆಗಳು, ಕೆಳಗೆ ತುಂಗಭದ್ರೆಯ ಬದಲು ಹಸಿರು ನೀಲಿ ಅಟ್ಲಾಂಟಿಕ್. ಹೋಲಿಕೆ ಬರೀ ಕಣ್ಣಿನದಲ್ಲ. ನೆಲದಾಳದಲ್ಲಿ ಗ್ರಾನೈಟಿನ ಬಿರುಕುಗಳಿಗೆ ನೀರಿಳಿದು ಅಂಚುಗಳು ಕೊಳೆತು ದುಂಡಾಗುತ್ತವೆ, ಮೇಲಿನ ಮಣ್ಣು ತೊಳೆದುಹೋದ ಮೇಲೆ ಗಟ್ಟಿ ತಿರುಳುಗಳು ಹೀಗೆ ಪೇರಿಸಿಟ್ಟಂತೆ ಹೊರಬೀಳುತ್ತವೆ. ಎರಡೂ ಕಡೆ ಕೆಲಸ ಒಂದೇ.

ಆ ರಾಶಿಯ ಮೇಲಿರುವುದು ಲೋಗನ್ ರಾಕ್, ಸುಮಾರು 80 ಟನ್ನಿನ ಬಂಡೆ. ಒಂದು ಕಾಲದಲ್ಲಿ ಒಬ್ಬನೇ ಮನುಷ್ಯ ಕೈಯಿಂದ ನೂಕಿದರೆ ಅತ್ತಿತ್ತ ತೂಗುತ್ತಿತ್ತು. ತಳ ದುಂಡಗಿದ್ದರಿಂದ ಎತ್ತ ವಾಲಿದರೂ ಅದರ ತೂಕವೇ ಅದನ್ನು ಮರಳಿ ಎಳೆದು ತರುತ್ತಿತ್ತು. ರಾಕ್ ಎಂಬ ಕ್ರಿಯಾಪದದ ಗುಟ್ಟು ಅಷ್ಟೇ, ತೊಟ್ಟಿಲಿನ ಚಲನೆ. ಹಿಡಿತ ಕೆಳಗಿದೆ, ಬಾಗಿದೆ, ಕೈಬಿಡುವುದಿಲ್ಲ. 1824ರ ಏಪ್ರಿಲಿನಲ್ಲಿ ಹ್ಯೂ ಗೋಲ್ಡ್‌ಸ್ಮಿತ್ ಎಂಬ ನೌಕಾಪಡೆಯ ಲೆಫ್ಟಿನೆಂಟ್ ತನ್ನ ನಾವಿಕರನ್ನು ಕರೆತಂದು, ಇದನ್ನು ಯಾರೂ ಉರುಳಿಸಲಾರರು ಎಂಬ ಮಾತನ್ನು ಸುಳ್ಳು ಮಾಡಲು ಹೊರಟ. ಸುಳ್ಳಾಯಿತು, ಬಂಡೆ ಜಾಗ ಬಿಟ್ಟು ಉರುಳಿ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಂಡೆ ತೋರಿಸಿ ನಾಲ್ಕು ಕಾಸು ಕಾಣುತ್ತಿದ್ದ ಊರವರು ಸುಮ್ಮನಿರಲಿಲ್ಲ. ಗಲಾಟೆ ನೌಕಾಪಡೆಯ ಕಚೇರಿಗೆ ಮುಟ್ಟಿತು, ಉರುಳಿಸಿದವನೇ ಎತ್ತಿಡಬೇಕೆಂದಾಯಿತು. ಪ್ಲಿಮತ್ ಹಡಗುಕಟ್ಟೆಯಿಂದ ರಾಟೆ, ಸರಪಳಿ ತರಿಸಿ, ನವೆಂಬರ್ 2ರಂದು ನೆರೆದ ಜನಸ್ತೋಮದ ಎದುರು ಬಂಡೆಯನ್ನು ಮತ್ತೆ ಕೂರಿಸಿದ. ಆದರೆ ಮೊದಲಿನಂತೆ ಅದು ಸಲೀಸಾಗಿ ಆಡಲಿಲ್ಲ. ಕೋಟ್ಯಂತರ ಮಳೆಹನಿ ಸವೆಸಿ ಮಾಡಿದ ಕೂಡುಕಲ್ಲನ್ನು ಮನುಷ್ಯನ ರಾಟೆ ಅಷ್ಟು ನವಿರಾಗಿ ಹೊಂದಿಸಲಿಲ್ಲ. ನಾವು ನೋಡುತ್ತಿದ್ದಾಗಲೂ ಮೂವರು ಹುಡುಗರು ಹತ್ತಿ ಹೆಗಲು ಕೊಟ್ಟರು. ಬಂಡೆ ಕೇಳಲಿಲ್ಲ, ಅವರು ನಗುತ್ತ ಇಳಿದರು.

ಅದೇ ರಾಶಿಯ ಅಂಚಿನಲ್ಲಿ ಇನ್ನೊಂದು ಕಲ್ಲು ಅರ್ಧ ಮೈ ಕಡಲಿನತ್ತ ಚಾಚಿ ಕೂತಿದೆ. ಇದು ಅಲುಗಿದ್ದರೆ ರಾಕ್ ಅಲ್ಲ, ಟೀಟರ್. ಅಂಚಿನ ಮೇಲಿದ್ದು, ಈ ಕಡೆಯೋ ಆ ಕಡೆಯೋ ಇನ್ನೂ ತೀರ್ಮಾನವಾಗದ ಸ್ಥಿತಿ. ಟಾಟರ್‌ನಲ್ಲಿ ಬೀಳುವುದು ಹೆಚ್ಚುಕಡಿಮೆ ಖಾತ್ರಿ, ಟೀಟರ್‌ನಲ್ಲಿ ತಕ್ಕಡಿ ಇನ್ನೂ ನೆಟ್ಟಗಿದೆ. ದಿವಾಳಿಯ ಅಂಚಿನ ವ್ಯಾಪಾರಕ್ಕೂ ಯುದ್ಧದ ಅಂಚಿನ ದೇಶಕ್ಕೂ ಇಂಗ್ಲಿಷ್ ಪತ್ರಿಕೆಗಳು ಇದೇ ಪದ ಹಾಕುತ್ತವೆ, ಹಾಕಬೇಕಾದ್ದೂ ಇದನ್ನೇ.

ಮರಳುವಾಗ ಪಕ್ಕದ ಪೋರ್ತ್‌ಕರ್ನೋ ಕೊಲ್ಲಿಗೆ ಇಳಿದೆವು. 1870ರಲ್ಲಿ ಬೊಂಬಾಯಿಯನ್ನು ಬ್ರಿಟನ್ನಿಗೆ ಜೋಡಿಸಿದ ಕಡಲಡಿಯ ತಂತಿ ದಡ ಹತ್ತಿದ್ದು ಈ ಮರಳಿನ ಮೇಲೆ. ತಂತಿ ಬಂದ ದಾರಿಯತ್ತ ನೋಡುತ್ತ ಇಬ್ಬರೂ ಚಕ್ಕುಲಿ ತಿಂದೆವು.

ಸಿಲ್ಲಿ ದ್ವೀಪಗಳಿಗೆ ಪೆನ್‌ಜಾನ್ಸ್‌ನಿಂದ ಹಡಗು. ಮೂರು ಗಂಟೆಗೆ ತುಸು ಕಡಿಮೆ. ದ್ವೀಪದ ಬಂದರು ಆಳವಿಲ್ಲದ್ದರಿಂದ ಇಲ್ಲಿ ಓಡುವ ಹಡಗಿಗೆ ತಳ ಆಳವಿರುವಂತಿಲ್ಲ. ತಳ ಆಳವಿಲ್ಲದ್ದರಿಂದ ತೆರೆದ ಕಡಲಿನಲ್ಲಿ ಅದು ಹೊರಳದೆ ಇರುವಂತಿಲ್ಲ. ಊರವರು ಅದಕ್ಕೆ ಪ್ರೀತಿಯಿಂದಲೇ ಇಟ್ಟ ಅಡ್ಡಹೆಸರು, ಹೊಟ್ಟೆ ತೊಳೆಯುವ ಬಿಳಿ ಪಂಪು! ಲ್ಯಾಂಡ್ಸ್ ಎಂಡ್ ದಾಟುತ್ತಿದ್ದಂತೆ ಹೆಸರಿಗೆ ಕಾರಣ ಹೊಳೆಯಿತು. ಮೊದಲು ಪಿಚ್: ಮೂತಿ ಆಕಾಶಕ್ಕೆ, ಮೂತಿ ನೀರಿಗೆ. ಇದನ್ನು ತಡೆದುಕೊಳ್ಳಬಹುದು, ಬರುವುದು ಎದುರಿಗೇ ಕಾಣುತ್ತದೆ. ಆಮೇಲೆ ರೋಲ್. ದಿಗಂತ ಎಡ ಕಿಟಕಿಯಲ್ಲಿ ಏರುತ್ತದೆ, ಬಲ ಕಿಟಕಿಯಲ್ಲಿ ಮುಳುಗುತ್ತದೆ. ನನ್ನ ಎದುರಿನ ಅಜ್ಜಿ ನಿರಾತಂಕವಾಗಿ ಉಲ್ಲನ್ ಹೆಣೆಯುತ್ತಿದ್ದರು, ಮಡಚಿದ ಕಾಗದದ ಚೀಲವನ್ನು ಮಾತಿಲ್ಲದೆ ನನ್ನತ್ತ ಸರಿಸಿದರು. "ಹೊರಗೆ ಹೋಗಿ ದಿಗಂತ ನೋಡಿ ದೊಡ್ಡಮ್ಮ, ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಹೊಟ್ಟೆ ಗಲಿಬಿಲಿ ಆಗುವುದು" ಎಂದಳು ಫಿಸಿಯೋ. ಹೊರಗಿನ ಗಾಳಿಗೆ, ಶುಂಠಿ ಪೆಪ್ಪರಮಿಂಟಿಗೆ ಹೊಟ್ಟೆ ತಣ್ಣಗಾಯಿತು. ಚೀಲ ಮಡಿಕೆ ಬಿಚ್ಚದೆ ಅಜ್ಜಿಗೆ ವಾಪಸು ಹೋಯಿತು.

ಈ ನೀರಿಗೂ ಗ್ರೀನಿಚ್‌ನ ಗಡಿಯಾರಕ್ಕೂ ನೇರ ನಂಟು. 1707ರ ಅಕ್ಟೋಬರ್ 22ರ ರಾತ್ರಿ ಅಡ್ಮಿರಲ್ ಕ್ಲೌಡ್ಸ್‌ಲಿ ಶೊವೆಲ್‌ನ ನೌಕಾಪಡೆ ತಾನೆಲ್ಲಿದ್ದೇನೆಂದು ತಿಳಿಯದೆ ಸಿಲ್ಲಿಯ ಬಂಡೆಗಳಿಗೆ ಬಡಿಯಿತು. ನಾಲ್ಕು ಹಡಗು ಮುಳುಗಿದವು, ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವವರಿಗೆ 20,000 ಪೌಂಡ್ ವರೆಗೆ ಬಹುಮಾನವೆಂದು 1714ರಲ್ಲಿ ಪಾರ್ಲಿಮೆಂಟ್ ಸಾರಿದ್ದರ ಹಿಂದೆ ಈ ದುರಂತದ ನೆನಪಿತ್ತು. ಕಡಲಿನಲ್ಲೂ ಸಮಯ ತಪ್ಪದ ಗಡಿಯಾರವಿದ್ದರೆ ರೇಖಾಂಶ ಲೆಕ್ಕ ಹಾಕಬಹುದು. ಹ್ಯಾರಿಸನ್ ಜೋಡಿಸಿದ ಆ ಗುಂಡುಗಳು ಯಾತಕ್ಕಾಗಿ ಆಡುತ್ತಿದ್ದವೆಂದು ಇಲ್ಲಿಗೆ ಬಂದಮೇಲೆ ಮೈಗೆ ಗೊತ್ತಾಗುತ್ತದೆ.

ಸೇಂಟ್ ಮೇರೀಸ್ ದ್ವೀಪದಿಂದ ಬಿಷಪ್ ರಾಕ್ ದೀಪಸ್ತಂಭ ನೋಡಲು ಸಣ್ಣ ಮೋಟಾರು ದೋಣಿ. ಅಟ್ಲಾಂಟಿಕ್ಕಿನ ನಡುವೆ ಒಂದು ತುಂಡು ಬಂಡೆ, ಅದನ್ನು ಪೂರ್ತಿ ತುಂಬಿಕೊಂಡು 49 ಮೀಟರಿನ ಗ್ರಾನೈಟ್ ಗೋಪುರ. ಮೊದಲು ಇಲ್ಲಿ ಕಬ್ಬಿಣದ ಕಾಲುಗಳ ಮೇಲೆ ದೀಪಸ್ತಂಭ ಕಟ್ಟಿದರು, ದೀಪ ಹಚ್ಚುವ ಮೊದಲೇ 1850ರ ಫೆಬ್ರುವರಿಯ ಬಿರುಗಾಳಿ ಕೊಚ್ಚಿಕೊಂಡು ಹೋಯಿತು. ಕಲ್ಲಿನದು ಬೆಳಗಿದ್ದು 1858ರಲ್ಲಿ. ಅದಕ್ಕೂ ದೊಡ್ಡ ಅಲೆ ಬಡಿದರೆ ಬುಡದಿಂದ ದೀಪದವರೆಗೆ ಒಂದು ಅದುರು ಹಾಯುತ್ತಿತ್ತು, ಒಳಗಿನ ಕಾವಲುಗಾರರ ಕಪಾಟಿನ ಸಾಮಾನು ಬೀಳುತ್ತಿತ್ತು. ಕೊನೆಗೆ ಜೇಮ್ಸ್ ಡಗ್ಲಸ್ ಎಂಬ ಎಂಜಿನಿಯರ್ ಹಳೆಯ ಗೋಪುರಕ್ಕೆ ಕಲ್ಲಿನ ಇನ್ನೊಂದು ಹೊದಿಕೆಯನ್ನೇ ಕಟ್ಟಿದ. 1992ರಲ್ಲಿ ಯಂತ್ರಗಳಿಗೆ ಒಪ್ಪಿಸಿ ಮನುಷ್ಯರು ಇಳಿದು ಬಂದರು. ಆ ಅದುರಿಗೆ ಶಡರ್ ಎನ್ನುತ್ತಾರೆ. ಟ್ರೆಂಬಲ್ ಹಿಡಿದುಕೊಂಡರೆ ಬಿಡುವುದಿಲ್ಲ, ಶಡರ್ ಒಂದೇ ಸಲ ಮೈಯಲ್ಲಿ ಹಾದು ಹೋಗುತ್ತದೆ. ಬುಡ ಎಳ್ಳಷ್ಟೂ ಸಡಿಲಾಗಿಲ್ಲ, ಹಿಡಿತ ಅಷ್ಟು ಬಿಗಿಯಿದ್ದದ್ದಕ್ಕೇ ಏಟು ಪೂರ್ತಿಯಾಗಿ ತುದಿಗೆ ಮುಟ್ಟಿತು.

ನಮ್ಮ ದೋಣಿ ಎಂಜಿನ್ ನಿಲ್ಲಿಸಿ ಗೋಪುರದ ಬುಡದಲ್ಲಿ ಮೇಲೇರುತ್ತ ಕೆಳಗಿಳಿಯುತ್ತ ನಿಂತಿದೆ. ಬಂಡೆಯ ಅಂಚಿನಲ್ಲಿ ಸೀಲ್‌ಗಳು ಮಲಗಿ ನಮ್ಮನ್ನು ನೋಡುತ್ತಿವೆ. ದೋಣಿ ಈಗ ಮಾಡುತ್ತಿರುವುದಕ್ಕೆ ಏನನ್ನುತ್ತೀರಿ ಎಂದು ದೋಣಿಯವನನ್ನು ಕೇಳಿದೆ. ಅವನು ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ನೀರು ನೋಡಿದ. "ದೋಣಿ ಏನೂ ಮಾಡ್ತಾ ಇಲ್ಲ ಅಮ್ಮಾ. ಇದು ಸ್ವೆಲ್, ಮಾಡ್ತಿರೋದು ನೀರು. ನಾವು ಅದರ ಮೇಲೆ ಇದ್ದೇವೆ, ಅಷ್ಟೇ." ತಂಗಿಯ ಮಗಳು ನನ್ನ ಮುಖ ನೋಡಿದಳು. ಯಾರು ಹಿಡಿದಿದ್ದಾರೆ ಎಂದು ಕೇಳುತ್ತ ಬಂದವಳಿಗೆ, ಯಾರು ಅಲುಗುತ್ತಿದ್ದಾರೆ ಎಂದೂ ಕೇಳಬೇಕೆಂದು ಅವನು ಕಲಿಸಿದ್ದ.

ಎಂಜಿನ್ ಮತ್ತೆ ಗುಡುಗುಟ್ಟಿತು. ಅವನು ಮರಳುವ ದಾರಿಗೆ ಚುಕ್ಕಾಣಿ ತಿರುಗಿಸಿದ, ಅಲೆ ಈಗ ಮಗ್ಗುಲಿಗೆ ಬಂತು, ದೋಣಿ ಎಡಕ್ಕೆ ಹೊರಳಿ ಬಲಕ್ಕೆ ಎದ್ದಿತು.

"ರೋಲ್!" ಎಂದೆ ನಾನು.

"ಸರಿ ಹೇಳಿದಿರಿ. ಈಗ ಕಂಬಿ ಹಿಡ್ಕೊಳ್ಳಿ."